ಹಾಲಿನ ಚೀಟಿಯಂತೆ ಕಂಪ್ಯೂಟರಿನ ಕಡತವನ್ನೂ ಜೋಪಾನ ಮಾಡೋಣ

ಕೊಟ್ಟಿಗೆಯನ್ನು ದಿನಕ್ಕೆ ಎರಡು ಸಲ ಗುಡಿಸಿ ತೊಳೆಯುವ ನಾವು, ನಡುಮನೆಯ ಮೂಲೆಯಲ್ಲಿರುವ ಕಂಪ್ಯೂಟರಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಮಕ್ಕಳ ಓದಿಗೆಂದು ತಂದದ್ದು, ಅವರೇ ನೋಡಿಕೊಳ್ಳುತ್ತಾರೆ ಎಂದು ಬಿಟ್ಟುಬಿಡುತ್ತೇವೆ. ಆದರೆ ಈಗ ಹಸುವಿನ ವಿಮೆ ಪಾಲಿಸಿ, ಬ್ಯಾಂಕಿನ ಸ್ಟೇಟ್‌ಮೆಂಟ್, ಸಾಲದ ಕಾಗದ, ಪಹಣಿ ಎಲ್ಲವೂ ಬಂದು ಕೂರುವುದು ಅದರೊಳಗೇ.

ಒಂದು ಮಹಿಳಾ ಸಂಘದ ಸದಸ್ಯೆಯ ಮನೆಯಲ್ಲಿ ನಡೆದದ್ದನ್ನು ಕೇಳಿ. ದಿನಕ್ಕೆ 12 ಲೀಟರ್ ಕೊಡುತ್ತಿದ್ದ ಅವರ ಮಿಶ್ರತಳಿ ಹಸು ಹೊಟ್ಟೆ ಉಬ್ಬರದಿಂದ ಸತ್ತಿತು. ವಿಮೆ ಮಾಡಿಸಿದ್ದರು, ಕಿವಿಯೋಲೆ ಇತ್ತು, ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದರು. ಆದರೂ ತಿಂಗಳು ಕಳೆದರೂ ಹಣದ ಸುಳಿವಿಲ್ಲ. ಕೊನೆಗೆ ಸಂಘದ ಕಾರ್ಯದರ್ಶಿಯೇ ವಿಚಾರಿಸಿ ಬಂದು, “ಅಕ್ಕಾ, ಒಂದು ಕಾಗದ ಕಮ್ಮಿ ಇದೆ ಅಂತ ಅವರು ಎರಡು ಸಲ ಮೇಲ್ ಮಾಡಿದಾರಂತೆ. ನಿಮ್ಮ ಮೇಲ್ ತುಂಬಿದೆ ಅಂತ ವಾಪಸ್ ಹೋಗಿದೆಯಂತಲ್ಲ?” ಎಂದರು. ಆ ಮೇಲ್ ಖಾತೆ ಮಗ ಹೈಸ್ಕೂಲಿನಲ್ಲಿದ್ದಾಗ ತೆರೆದದ್ದು. ಅದರ ತುಂಬ ನೆಂಟರ ಮದುವೆಯ ವಿಡಿಯೊ. ಪಾಸ್‌ವರ್ಡ್ ಗೊತ್ತಿದ್ದ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ.

ಹಣ ಕೊನೆಗೆ ಬಂತು. ಆದರೆ ಬರುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಅಷ್ಟು ದಿನ ಆ ಮನೆಯಿಂದ ಡೇರಿಗೆ ದಿನಕ್ಕೆ 12 ಲೀಟರ್ ಹಾಲು ಕಡಿಮೆ. ಆ ನಷ್ಟವನ್ನು ತುಂಬಿಕೊಡುವವರು ಯಾರು?

ಯಾವ ಕಾಗದ ಎಷ್ಟು ಕಾಲ?

ಕಂಪ್ಯೂಟರ್ ಚೊಕ್ಕಟ ಮಾಡುವುದೆಂದರೆ ಸಿಕ್ಕಿದ್ದನ್ನೆಲ್ಲ ಅಳಿಸುವುದಲ್ಲ. ತಿಪ್ಪೆಗೆ ಹೋಗುವುದು ಯಾವುದು, ಅಟ್ಟಕ್ಕೆ ಹೋಗುವುದು ಯಾವುದು ಎಂದು ಮೊದಲು ಬೇರೆ ಮಾಡಬೇಕು.

ಎಂದೂ ಅಳಿಸಬಾರದವು: ಸಂಘದ ಷೇರು ಪತ್ರದ ಪ್ರತಿ, ಜಮೀನಿನ ಕಾಗದ, ಸಾಲ ತೀರಿದ ಮೇಲೆ ಬ್ಯಾಂಕಿನವರು ಕೊಡುವ ತೀರುವಳಿ ಪತ್ರ. ಸಾಲ ಕಟ್ಟಿ ವರ್ಷಗಳಾದ ಮೇಲೂ ‘ಬಾಕಿ ಇದೆ’ ಎಂಬ ಮಾತು ಬಂದರೆ ನಮ್ಮ ಪರವಾಗಿ ಮಾತಾಡುವುದು ಆ ಒಂದು ಹಾಳೆ.

ಹಸು ಮನೆಯಲ್ಲಿರುವಷ್ಟು ಕಾಲ ಇರಬೇಕಾದವು: ಕಿವಿಯೋಲೆಯ 12 ಅಂಕಿ ಸ್ಪಷ್ಟವಾಗಿ ಕಾಣುವ ಫೋಟೊ, ವಿಮೆ ಪಾಲಿಸಿ, ಲಸಿಕೆ ಹಾಕಿಸಿದ ದಿನ, ಕೃತಕ ಗರ್ಭಧಾರಣೆಯ ದಿನ. ಗರ್ಭಧಾರಣೆಯ ದಿನ ಬರೆದಿಟ್ಟಿದ್ದರೆ ಸುಮಾರು 280 ದಿನಕ್ಕೆ ಕರು ಎಂದು ಲೆಕ್ಕ ಹಾಕಿ, ಅದಕ್ಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸಬಹುದು. ವಿಮೆ ಪರಿಹಾರ ಕೇಳಿದ್ದರೆ ಹಣ ಕೈಸೇರುವ ತನಕ ಅದಕ್ಕೆ ಸೇರಿದ ಒಂದು ಕಾಗದವನ್ನೂ ಮುಟ್ಟಬೇಡಿ.

ವರ್ಷದ ಲೆಕ್ಕ ಮುಗಿಯುವ ತನಕ ಬೇಕಾದವು: ಹಾಲಿನ ಚೀಟಿಯ ಫೋಟೊ, ಬಟವಾಡೆಯ ಮೆಸೇಜು, ಸರ್ಕಾರದ ಪ್ರೋತ್ಸಾಹಧನ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್. ಬೋನಸ್ ಹಂಚುವುದು ನಾವು ಹಾಕಿದ ಹಾಲಿನ ಲೆಕ್ಕದ ಮೇಲೆ. ಸಂಘದ ಚುನಾವಣೆಯಲ್ಲಿ ಮತ ಹಾಕಲೂ ಇಷ್ಟು ದಿನ, ಇಷ್ಟು ಲೀಟರ್ ಹಾಲು ಹಾಕಿರಬೇಕೆಂದು ಬೈಲಾದಲ್ಲಿ ನಿಯಮವಿರುತ್ತದೆ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ತೋರಿಸಲು ನಮ್ಮ ಕೈಯಲ್ಲೂ ಲೆಕ್ಕ ಇರಲಿ.

ಹಸುವಿಗೊಂದು ಫೋಲ್ಡರ್

ಒಂದೊಂದು ಹಸುವಿಗೂ ಒಂದೊಂದು ಗೂಟ ಇರುವಂತೆ ಕಂಪ್ಯೂಟರಿನಲ್ಲೂ ಜಾಗ ಮಾಡಿ. ‘ಹಸುಗಳು’, ‘ಡೇರಿ’, ‘ಬ್ಯಾಂಕ್ ಮತ್ತು ಸಾಲ’, ‘ಜಮೀನು’, ‘ಮಕ್ಕಳ ಓದು’ ಎಂದು ಐದು ಫೋಲ್ಡರ್ ಸಾಕು. ‘ಹಸುಗಳು’ ಎಂಬುದರ ಒಳಗೆ ಪ್ರತಿ ಹಸುವಿನ ಹೆಸರು ಮತ್ತು ಕಿವಿಯೋಲೆಯ ಕೊನೆಯ ನಾಲ್ಕು ಅಂಕಿ ಹಾಕಿ ‘ಗೌರಿ 4821’ ಎಂಬಂತೆ ಒಂದೊಂದು ಫೋಲ್ಡರ್ ಮಾಡಿ. ಹಸು ಮಾರಿದರೆ ಆ ಫೋಲ್ಡರನ್ನು ‘ಮಾರಿದ ಹಸುಗಳು’ ಎಂಬಲ್ಲಿಗೆ ಸಾಗಿಸಿದರಾಯಿತು.

ಕಡತಕ್ಕೆ ಹೆಸರಿಡುವಾಗ ಇಸವಿ ಮೊದಲು, ಆಮೇಲೆ ತಿಂಗಳು, ದಿನ, ಕೊನೆಗೆ ವಿಷಯ: ‘2025-06-14 ಗೌರಿ ವಿಮೆ ಪಾಲಿಸಿ’. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿಯೇ ಹಳೆಯದರಿಂದ ಹೊಸದಕ್ಕೆ ಸಾಲಾಗಿ ಜೋಡಿಸುತ್ತದೆ. ಕನ್ನಡದಲ್ಲೇ ಹೆಸರಿಡಬಹುದು, ಇಂಗ್ಲಿಷೇ ಆಗಬೇಕೆಂದಿಲ್ಲ.

ಕಸ ಇರುವುದು ಎಲ್ಲಿ?

ಹೆಚ್ಚಿನ ಕಸ ‘ಡೌನ್‌ಲೋಡ್ಸ್’ ಎಂಬ ಫೋಲ್ಡರಿನಲ್ಲಿರುತ್ತದೆ. ಅದನ್ನು ತೆರೆದು ‘ಸೈಜ್’ ಪ್ರಕಾರ ಜೋಡಿಸಿ. ದೊಡ್ಡ ಗಾತ್ರದವು ಮೇಲೆ ಬರುತ್ತವೆ, ಅವುಗಳಲ್ಲಿ ಬಹುಪಾಲು ವಿಡಿಯೊಗಳೇ. ಒಂದೇ ಕಾಗದವನ್ನು ಮತ್ತೆ ಮತ್ತೆ ಇಳಿಸಿಕೊಂಡಿದ್ದರೆ ಹೆಸರಿನ ಕೊನೆಗೆ 1, 2 ಎಂದು ಕಂಸದಲ್ಲಿ ಅಂಕಿ ಬಿದ್ದಿರುತ್ತದೆ. ತೆರೆದು ನೋಡಿ ಒಂದನ್ನು ಉಳಿಸಿಕೊಳ್ಳಿ. ಅಳಿಸಿದ್ದು ಸಾಮಾನ್ಯವಾಗಿ ಮೊದಲು ‘ರಿಸೈಕಲ್ ಬಿನ್’ಗೆ ಹೋಗುತ್ತದೆ. ಅದನ್ನು ಖಾಲಿ ಮಾಡುವ ಮುನ್ನ ಮನೆಯವರನ್ನೆಲ್ಲ ಒಮ್ಮೆ ಕೇಳಿ. ಮಗಳ ಅಂಕಪಟ್ಟಿ ಅದರಲ್ಲಿದ್ದೀತು.

ಮೇಲ್ ತುಂಬಿದರೆ ಏನು ಮಾಡಬೇಕು?

ಜಿಮೇಲ್ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ ಜಾಗ. ಅದು ಮೇಲ್‌ಗೆ ಮಾತ್ರ ಮೀಸಲಲ್ಲ. ಗೂಗಲ್ ಫೋಟೋಸ್, ಗೂಗಲ್ ಡ್ರೈವ್, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಎಲ್ಲವೂ ಅದೇ ಕೊಟ್ಟಿಗೆಯಲ್ಲಿ ನಿಲ್ಲಬೇಕು. ಫೋನಿನ ಫೋಟೊಗಳೇ ಜಾಗ ತುಂಬಿದರೂ ನಿಲ್ಲುವುದು ಮೇಲ್. ಆಗ ನಿಮಗೆ ಬಂದ ಪತ್ರ ಕಳಿಸಿದವರಿಗೇ ವಾಪಸಾಗುತ್ತದೆ. ಹಾಗೊಂದು ಪತ್ರ ಬಂದಿತ್ತೆಂಬುದೇ ನಿಮಗೆ ಗೊತ್ತಾಗುವುದಿಲ್ಲ.

ಜಾಗ ಬಿಡಿಸುವ ಕ್ರಮ ಹೀಗೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲಿನ ಹುಡುಕುವ ಪಟ್ಟಿಯ ಬಲತುದಿಯ ಗುರುತನ್ನು ಒತ್ತಿ. ‘ಸೈಜ್’ ಎಂಬಲ್ಲಿ 10 ಎಂಬಿಗಿಂತ ಹೆಚ್ಚು ಎಂದು ಕೊಟ್ಟು ಹುಡುಕಿ. ದೊಡ್ಡ ಪತ್ರಗಳಷ್ಟೇ ಬರುತ್ತವೆ. ಬೇಕಾದ ಕಾಗದವನ್ನು ಮೊದಲು ಫೋಲ್ಡರಿಗೆ ಇಳಿಸಿಕೊಂಡು ಆಮೇಲೆ ಅಳಿಸಿ. ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿದ್ದು ಜಾಗ ಹಿಡಿದೇ ಇರುತ್ತದೆ. ಬುಟ್ಟಿ ಖಾಲಿ ಮಾಡಿದರೆ ಮಾತ್ರ ಜಾಗ ಸಿಗುತ್ತದೆ.

‘ಸ್ಪ್ಯಾಮ್’ ಎಂಬ ಪೆಟ್ಟಿಗೆಯನ್ನೂ ಆಗಾಗ ಇಣುಕಿ ನೋಡಿ. ಬೇಕಾದ ಪತ್ರವೂ ಒಮ್ಮೊಮ್ಮೆ ಅದರಲ್ಲಿ ಸೇರಿರುತ್ತದೆ, 30 ದಿನಕ್ಕೆ ತಾನಾಗಿಯೇ ಅಳಿಯುತ್ತದೆ. ಆದರೆ ‘ನಿಮ್ಮ ವಿಮೆ ಹಣ ಬಂದಿದೆ, ಈ ಲಿಂಕ್ ಒತ್ತಿ’ ಎಂದು ಗುರುತಿಲ್ಲದವರು ಕಳಿಸಿದ್ದನ್ನು ಒತ್ತಬೇಡಿ, ಒಟಿಪಿ ಹೇಳಬೇಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪಾಸ್‌ವರ್ಡ್ ಯಾರ ಕೈಯಲ್ಲಿ?

ಹಾಲಿನ ಹಣ ನಿಮ್ಮ ಖಾತೆಗೆ, ಪಾಲಿಸಿ ನಿಮ್ಮ ಹೆಸರಿಗೆ. ಹಾಗಿದ್ದ ಮೇಲೆ ಮೇಲ್ ಖಾತೆಯೂ ನಿಮ್ಮದೇ ಇರಲಿ. ಮಕ್ಕಳ ಸಹಾಯದಿಂದಲೇ ತೆರೆಯಿರಿ, ಆದರೆ ಪಾಸ್‌ವರ್ಡನ್ನು ನಿಮ್ಮ ಕೈಯಲ್ಲೇ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಮರೆತರೆ ಖಾತೆ ಮತ್ತೆ ತೆರೆಯಲು ನಿಮ್ಮ ಮೊಬೈಲ್ ನಂಬರ್ ಅದಕ್ಕೆ ಜೋಡಿಸಿರಬೇಕು. ಸಿಮ್ ಬದಲಾಯಿಸಿದ ದಿನವೇ ಅಲ್ಲಿಯೂ ನಂಬರ್ ಬದಲಿಸಿ. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದೂ ನೆನಪಿರಲಿ.

ಎರಡು ಕಡೆ ಪ್ರತಿ

ಸಿಡಿಲಿಗೋ ಕರೆಂಟಿನ ಏರುಪೇರಿಗೋ ಕಂಪ್ಯೂಟರ್ ಕೆಟ್ಟರೆ ಒಳಗಿದ್ದುದೂ ಹೋದೀತು. ಐದು ಫೋಲ್ಡರನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಿ. ಪೆನ್‌ಡ್ರೈವೂ ಕೆಡುತ್ತದೆ, ಅದನ್ನೊಂದೇ ನಂಬಬೇಡಿ. ಆಧಾರ್, ಮಕ್ಕಳ ಅಂಕಪಟ್ಟಿಯಂಥವನ್ನು ಸರ್ಕಾರದ ಡಿಜಿಲಾಕರ್‌ನಲ್ಲಿ ಪಡೆಯಬಹುದು. ಇಲಾಖೆಯೇ ಅಲ್ಲಿ ನೀಡಿದ ಪತ್ರಕ್ಕೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ.

ಹಳೆ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ವ್ಯವಹಾರಕ್ಕೆ ಅದನ್ನು ಬಳಸದಿರುವುದು ಒಳ್ಳೆಯದು. ಕಂಪ್ಯೂಟರನ್ನೇ ಮಾರುವುದಾದರೆ ಬರೀ ಡಿಲೀಟ್ ಸಾಲದು, ಅಳಿಸಿದ್ದನ್ನು ಮತ್ತೆ ತೆಗೆಯಲು ಬರುತ್ತದೆ. ಪ್ರತಿ ಮಾಡಿಕೊಂಡ ಮೇಲೆ ‘ರಿಸೆಟ್ ದಿಸ್ ಪಿಸಿ’ ಎಂಬಲ್ಲಿ ಎಲ್ಲವನ್ನೂ ತೆಗೆದು ಡ್ರೈವ್ ಶುಚಿಮಾಡುವ ಆಯ್ಕೆಯನ್ನು ಆರಿಸಿ. ಗೊತ್ತಾಗದಿದ್ದರೆ ಬಲ್ಲವರಿಂದ ನಿಮ್ಮ ಕಣ್ಣೆದುರಲ್ಲೇ ಮಾಡಿಸಿ.

ಬಟವಾಡೆ ದಿನ ಹತ್ತು ನಿಮಿಷ

ಇಷ್ಟನ್ನೂ ಒಂದೇ ದಿನ ಮಾಡಬೇಕಿಲ್ಲ. ಬಟವಾಡೆ ಬಂದ ದಿನ ಸಂಜೆ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಕುಳಿತರೆ ಸಾಕು. ಹೊಸ ಕಾಗದ ಅದರ ಜಾಗಕ್ಕೆ, ಕಸ ಬುಟ್ಟಿಗೆ, ಮೇಲ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಒಂದು ನೋಟ. ಮೊದಲ ಕೆಲಸ ಇವತ್ತೇ ಆಗಲಿ: ಕೊಟ್ಟಿಗೆಗೆ ಹೋಗಿ ಪ್ರತಿ ಹಸುವಿನ ಕಿವಿಯೋಲೆಯ ಫೋಟೊ ತೆಗೆದು, ಅದರ ಹೆಸರಿನ ಫೋಲ್ಡರಿಗೆ ಹಾಕಿ. ಓಲೆ ಬಿದ್ದುಹೋಗಿದ್ದರೆ ಅದೂ ಆಗಲೇ ಕಣ್ಣಿಗೆ ಬೀಳುತ್ತದೆ. ಓಲೆ ಇಲ್ಲದ ಹಸುವಿಗೆ ವಿಮೆ ಪರಿಹಾರ ಸಿಗುವುದಿಲ್ಲ. ಕೂಡಲೇ ಪಶುವೈದ್ಯರಿಗೂ ವಿಮೆಯವರಿಗೂ ತಿಳಿಸಿ ಹೊಸ ಓಲೆ ಹಾಕಿಸಿ, ಆ ಹೊಸ ನಂಬರನ್ನು ಪಾಲಿಸಿಯಲ್ಲೂ ಬರೆಸಿ.