ಹಳೆಯ ಹಾಯಿನೌಕೆಯ ಮರುಸಜ್ಜು: ಮಿತ ಬಂಡವಾಳದಲ್ಲಿ ಯಾವ ಕೆಲಸ ಮೊದಲು?

ಹಳೆಯ ಯಂತ್ರವನ್ನು ಕೊಂಡು ಕಾರ್ಯಾಗಾರಕ್ಕೆ ತಂದ ಪ್ರತಿಯೊಬ್ಬ ಉದ್ಯಮಿಗೂ ಒಂದು ಸಂಗತಿ ಅನುಭವದಿಂದ ತಿಳಿದಿರುತ್ತದೆ: ಕೊಟ್ಟ ಬೆಲೆಯು ವೆಚ್ಚದ ಆರಂಭ ಮಾತ್ರ. ಈ ಪಾಠವನ್ನು ಅತ್ಯಂತ ಕಠಿಣವಾಗಿ ಕಲಿಸುವ ವಸ್ತುಗಳಲ್ಲಿ ಹಳೆಯ ಹಾಯಿನೌಕೆಯೂ ಒಂದು. 1960 ಮತ್ತು 1970ರ ದಶಕಗಳಲ್ಲಿ ತಯಾರಾದ, ದೂರದ ಸಮುದ್ರಯಾನಕ್ಕೆ ತಕ್ಕ ಸಣ್ಣ ಹಾಯಿನೌಕೆಗಳು ಯುರೋಪ್ ಮತ್ತು ಅಮೆರಿಕದ ಬಂದರುಗಳಲ್ಲಿ ಎಷ್ಟೋ ವೇಳೆ ಬಳಸಿದ ಕಾರಿನ ಬೆಲೆಗೆ ದೊರೆಯುತ್ತವೆ. ಅವುಗಳನ್ನು ಕೊಂಡವರಲ್ಲಿ ಕೆಲವರು ಮಹಾಸಾಗರಗಳನ್ನು ದಾಟಿದ್ದಾರೆ. ಇನ್ನು ಕೆಲವರ ನೌಕೆಗಳು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ದಡದ ಮೇಲೆಯೇ ನಿಂತು, ತಿಂಗಳು ತಿಂಗಳೂ ಬಾಡಿಗೆಯನ್ನು ನುಂಗಿ, ಕೊನೆಗೆ ಗುಜರಿ ಸೇರಿವೆ. ಹಲವು ಪ್ರಸಂಗಗಳಲ್ಲಿ ಈ ವ್ಯತ್ಯಾಸಕ್ಕೆ ಕಾರಣವಾಗಿರುವುದು ಹಣದ ಮೊತ್ತಕ್ಕಿಂತಲೂ ಅದನ್ನು ವ್ಯಯಿಸಿದ ಕ್ರಮ.

ಅಗ್ಗವಾಗಿ ದೊರೆಯಲು ಕಾರಣ

ಮರದ ನೌಕೆಗಳಿಗೆ ಬದಲಾಗಿ ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದಿಂದ ಅಚ್ಚಿನಲ್ಲಿ ಎರಕಗೊಂಡ ನೌಕೆಗಳು 1950ರ ದಶಕದ ಕೊನೆಯಿಂದ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದವು. ಹೊಸ ವಸ್ತುವಿನ ಬಲದ ಬಗ್ಗೆ ಪೂರ್ಣ ಅಂದಾಜಿಲ್ಲದ ಅಂದಿನ ಅನೇಕ ತಯಾರಕರು ನೌಕೆಯ ಒಡಲನ್ನು ಅಗತ್ಯಕ್ಕಿಂತ ದಪ್ಪವಾಗಿಯೇ ಕಟ್ಟಿದರು. ಪರಿಣಾಮವಾಗಿ ಒಡಲು ಇಂದಿಗೂ ಉಳಿದಿದೆ; ಅದಕ್ಕೆ ಅಳವಡಿಸಿದ ಲೋಹ, ರಬ್ಬರು, ತಂತಿ ಮತ್ತು ಬಟ್ಟೆಗಳ ಆಯುಷ್ಯ ಮುಗಿದಿದೆ. ನಿಲುಗಡೆ ಶುಲ್ಕವಾದರೋ ವರ್ಷವೂ ತಪ್ಪದು. ಬಳಸಲಾರದ ಒಡೆಯನಿಗೆ ನೌಕೆಯು ಹೊರೆಯಾಗುವುದರಿಂದ ಬೆಲೆ ಇಳಿಯುತ್ತದೆ.

ಸ್ವೀಡನ್ನಿನ ಆಲ್ಬಿನ್ ಸಂಸ್ಥೆಯು 1960ರ ದಶಕದ ಮಧ್ಯಭಾಗದಿಂದ 1979ರವರೆಗೆ ತಯಾರಿಸಿದ ವೇಗಾ ಎಂಬ 27 ಅಡಿಯ ನೌಕೆ ಇದಕ್ಕೆ ಉತ್ತಮ ನಿದರ್ಶನ. ಈ ಮಾದರಿಯ 3,400ಕ್ಕೂ ಹೆಚ್ಚು ನೌಕೆಗಳು ನಿರ್ಮಾಣಗೊಂಡವು. ಅಮೆರಿಕದ ಮ್ಯಾಟ್ ರುದರ್‌ಫರ್ಡ್ 2011ರ ಜೂನ್‌ನಲ್ಲಿ ದಾನವಾಗಿ ಬಂದಿದ್ದ ಇಂಥದೊಂದು ಹಳೆಯ ವೇಗಾ ನೌಕೆಯಲ್ಲಿ ಅನಾಪೊಲಿಸ್‌ನಿಂದ ಒಬ್ಬಂಟಿಯಾಗಿ ಹೊರಟರು. ಉತ್ತರದ ಹಿಮಾವೃತ ಜಲಮಾರ್ಗವನ್ನು ಹಾಯ್ದು, ದಕ್ಷಿಣದಲ್ಲಿ ಕೇಪ್ ಹಾರ್ನ್ ಭೂಶಿರವನ್ನು ಬಳಸಿ, ಎಲ್ಲಿಯೂ ತಂಗದೆ, 309 ದಿನಗಳಲ್ಲಿ ಎರಡೂ ಅಮೆರಿಕ ಖಂಡಗಳನ್ನು ಸುತ್ತಿ 2012ರ ಏಪ್ರಿಲ್‌ನಲ್ಲಿ ಹಿಂದಿರುಗಿದರು. ಹಳೆಯ ಒಡಲಿಗೆ ಇನ್ನೂ ಎಷ್ಟು ಶಕ್ತಿ ಉಳಿದಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಖರೀದಿಗೆ ಮುನ್ನ ಪರೀಕ್ಷೆ

ಕೊಳ್ಳುವ ಮೊದಲು ಸ್ವತಂತ್ರ ಪರೀಕ್ಷಕನಿಗೆ ಶುಲ್ಕ ಕೊಟ್ಟು ತಪಾಸಣೆ ಮಾಡಿಸುವುದು ಮಿತವ್ಯಯದ ಮೊದಲ ಹೆಜ್ಜೆ. ಪರೀಕ್ಷಕನು ಸಣ್ಣ ಸುತ್ತಿಗೆಯಿಂದ ಒಡಲನ್ನೂ ಡೆಕ್ಕನ್ನೂ ತಟ್ಟುತ್ತಾ ಹೋಗುತ್ತಾನೆ. ಗಟ್ಟಿಯಾದ ಕಡೆ ಸ್ಪಷ್ಟವಾದ ನಾದ ಬರುತ್ತದೆ. ಪದರಗಳು ಬಿಟ್ಟುಕೊಂಡ ಅಥವಾ ನೀರು ಕುಡಿದ ಕಡೆ ಮಂಕು ಸದ್ದು ಕೇಳಿಸುತ್ತದೆ. ತೇವಾಂಶ ಮಾಪಕವು ಈ ಅನುಮಾನವನ್ನು ದೃಢಪಡಿಸಲು ನೆರವಾಗುತ್ತದೆ.

ನೌಕೆಯ ತಳದಲ್ಲಿ ಕಾಣುವ ಗುಳ್ಳೆಗಳು ಹೊಸಬರನ್ನು ಬೆಚ್ಚಿಬೀಳಿಸುತ್ತವೆ. ರಾಳದೊಳಕ್ಕೆ ಇಳಿದ ನೀರು ಅಲ್ಲಿಯ ಕರಗುವ ಅಂಶಗಳೊಡನೆ ಸೇರಿ ಒತ್ತಡವನ್ನು ಉಂಟುಮಾಡುವುದರಿಂದ ಇವು ಏಳುತ್ತವೆ. ಹೊರಪದರವನ್ನು ಕೆತ್ತಿ, ತೊಳೆದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಲೇಪಿಸುವ ಚಿಕಿತ್ಸೆ ಬಹಳ ದುಬಾರಿ. ಆದರೆ ಗುಳ್ಳೆಗಳ ಕಾರಣದಿಂದ ನೌಕೆ ಮುಳುಗುವುದು ಅತಿ ವಿರಳ. ಅವುಗಳನ್ನು ತೋರಿಸಿ ಬೆಲೆ ಇಳಿಸಿಕೊಂಡು, ದೊಡ್ಡ ಗುಳ್ಳೆಗಳನ್ನಷ್ಟೇ ದುರಸ್ತಿ ಮಾಡಿ ಮುಂದುವರಿಯುವವರು ಅನೇಕರು. ಇದಕ್ಕಿಂತ ಗಂಭೀರವಾದುದು ಡೆಕ್ಕಿನ ಸ್ಥಿತಿ. ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಕಟ್ಟಿದ ಡೆಕ್ಕಿನಲ್ಲಿ ತಿರುಪುಮೊಳೆಗಳ ರಂಧ್ರದ ಮೂಲಕ ನೀರಿಳಿದರೆ ಒಳಗಿನ ಮರ ಕೊಳೆಯುತ್ತದೆ. ಡೆಕ್ಕು ಕಾಲಡಿಯಲ್ಲಿ ವ್ಯಾಪಕವಾಗಿ ಮೆತ್ತಗಾಗಿರುವ ನೌಕೆಯನ್ನು, ಉಚಿತವಾಗಿ ಬಂದರೂ, ಬಿಡುವುದೇ ಲೇಸು.

ಮೊದಲ ಹಂತ: ನೀರು ಒಳಬರಬಾರದು

ಖರೀದಿಯ ನಂತರ ಮೊದಲ ಹಣ ಸಲ್ಲಬೇಕಾದುದು ಕಣ್ಣಿಗೆ ಕಾಣದ ತಳಭಾಗಕ್ಕೆ. ಶೌಚ, ತೊಟ್ಟಿ ಮತ್ತು ಎಂಜಿನ್ನಿನ ನೀರಿಗಾಗಿ ನೌಕೆಯ ತಳದಲ್ಲಿ ಹಲವು ರಂಧ್ರಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ವಾಲ್ವ್ ಮತ್ತು ಕೊಳವೆ. ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ ಒಂದೂವರೆ ಅಂಗುಲದ ರಂಧ್ರವೊಂದು ತೆರೆದುಕೊಂಡರೆ ನಿಮಿಷಕ್ಕೆ 100 ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಸಣ್ಣ ಕೈಪಂಪು ಇದಕ್ಕೆ ಸಮನಾಗಲಾರದು.

ಇಲ್ಲಿ ಲೋಹದ ಆಯ್ಕೆ ನಿರ್ಣಾಯಕ. ಸಾಮಾನ್ಯ ಹಿತ್ತಾಳೆಯಲ್ಲಿರುವ ಸತುವನ್ನು ಉಪ್ಪುನೀರು ಕ್ರಮೇಣ ಹೀರಿಬಿಡುತ್ತದೆ. ಆಗ ಲೋಹ ಗುಲಾಬಿ ಛಾಯೆಗೆ ತಿರುಗಿ, ಆಕಾರ ಉಳಿದರೂ ಬಲ ಕಳೆದುಕೊಂಡು, ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಕಂಚು, ಸತು ನಷ್ಟವಾಗದಂತೆ ಸಂಸ್ಕರಿಸಿದ ಹಿತ್ತಾಳೆ, ಅಥವಾ ನಾರು ಬಲವರ್ಧಿತ ಪ್ಲಾಸ್ಟಿಕ್ಕಿನ ವಾಲ್ವುಗಳು ಇದಕ್ಕೆ ಪರಿಹಾರ. ಇವುಗಳ ಜೊತೆಗೆ ಕೊಳವೆ, ಬಿಗಿಪಟ್ಟಿ, ತಳದ ಭಾರವನ್ನು ಹಿಡಿದಿಡುವ ಬೋಲ್ಟುಗಳು ಮತ್ತು ಚುಕ್ಕಾಣಿಯ ಆಧಾರಗಳನ್ನು ಪರೀಕ್ಷಿಸುವುದು ಅಗತ್ಯ. ಇವುಗಳಲ್ಲಿ ಹೆಚ್ಚಿನವು ಸಣ್ಣ ಬೆಲೆಯ ಬಿಡಿಭಾಗಗಳು. ಆದರೂ ಹೊಸ ಮೆತ್ತೆ, ಹೊಸ ಬಣ್ಣಗಳಿಗೆ ಹಣ ಮುಗಿಸಿ ಇವುಗಳನ್ನು ಮುಂದಕ್ಕೆ ಹಾಕುವವರ ಸಂಖ್ಯೆ ಕಡಿಮೆಯಿಲ್ಲ.

ಎರಡನೆಯ ಹಂತ: ಕೂವೆಮರ ನಿಲ್ಲಬೇಕು

ಕೂವೆಮರವನ್ನು ನೆಟ್ಟಗೆ ಹಿಡಿದಿರುವುದು ಸಾಮಾನ್ಯವಾಗಿ 19 ಎಳೆಗಳ ಸ್ಟೇನ್‌ಲೆಸ್ ಸ್ಟೀಲ್ ತಂತಿಹಗ್ಗ. ಒಂದು ಎಳೆ ತುಂಡಾಗಿರುವುದು ಕಂಡರೂ ಆ ಹಗ್ಗವನ್ನು ಬದಲಿಸಲೇಬೇಕು. ಹತ್ತು ವರ್ಷ ದಾಟಿದ ತಂತಿಗಳನ್ನು ಬದಲಿಸಿ ಅಥವಾ ತಪಾಸಣೆ ಮಾಡಿಸಿ ಎಂದು ವಿಮಾ ಸಂಸ್ಥೆಗಳು ಕೇಳುವುದು ಸಾಮಾನ್ಯ. ಯಂತ್ರದಿಂದ ಅದುಮಿ ಕೂಡಿಸುವ ತುದಿಗಳ ಬದಲು ಸ್ಪ್ಯಾನರಿನಿಂದಲೇ ಬಿಗಿಯಬಹುದಾದ ತುದಿಗಳನ್ನು ಬಳಸಿದರೆ ಒಡೆಯನೇ ಈ ಕೆಲಸ ಮಾಡಿಕೊಳ್ಳಬಹುದು. ಮುಂದಿನ ಬಾರಿ ಅವೇ ತುದಿಗಳು ಮರುಬಳಕೆಗೂ ಒದಗುತ್ತವೆ.

ತಂತಿಗಿಂತ ಹೆಚ್ಚು ಮೋಸ ಮಾಡುವುದು ಅದನ್ನು ಒಡಲಿಗೆ ಜೋಡಿಸುವ ಉಕ್ಕಿನ ಪಟ್ಟಿ. ಸ್ಟೇನ್‌ಲೆಸ್ ಸ್ಟೀಲಿನ ರಕ್ಷಣಾ ಪದರ ಉಳಿಯಲು ಆಮ್ಲಜನಕ ಬೇಕು. ಪಟ್ಟಿಯು ಡೆಕ್ಕಿನೊಳಗೆ ಹಾದುಹೋಗುವ ಕಡೆ ನೀರು ನಿಂತು ಗಾಳಿ ತಾಗದಿದ್ದಾಗ, ಹೊರಗೆ ಹೊಳೆಯುವ ಲೋಹವೇ ಒಳಗೆ ಬಿರುಕುಬಿಡುತ್ತದೆ. ಆದ್ದರಿಂದ ಪಟ್ಟಿಗಳನ್ನು ಹೊರತೆಗೆದು ನೋಡಬೇಕು; ಸಂಶಯವಿದ್ದರೆ 316 ದರ್ಜೆಯ ಉಕ್ಕಿನಲ್ಲಿ ಹೊಸದಾಗಿ ಮಾಡಿಸಬೇಕು. ಯಾವುದೇ ಸಣ್ಣ ಲೇತ್ ಮತ್ತು ಡ್ರಿಲ್ಲಿಂಗ್ ಘಟಕಕ್ಕೆ ಇದು ಸಾಧ್ಯವಾದ ಕೆಲಸ.

ಇಂತಹ ಮೂಲಭೂತ ದೃಢತೆಯ ಬೆಲೆ 1979ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಸ್ಪರ್ಧೆಯಲ್ಲಿ ಪ್ರಕಟವಾಯಿತು. ಬಿರುಗಾಳಿಗೆ ಸಿಕ್ಕ 303 ನೌಕೆಗಳಲ್ಲಿ 90ಕ್ಕಿಂತ ಕಡಿಮೆ ನೌಕೆಗಳು ಗುರಿ ಮುಟ್ಟಿದವು; 15 ಮಂದಿ ಸ್ಪರ್ಧಿಗಳು ಪ್ರಾಣ ಕಳೆದುಕೊಂಡರು. ಹಲವು ನೌಕೆಗಳ ಚುಕ್ಕಾಣಿಗಳು ಮುರಿದವು. ಅತಿ ಸಣ್ಣ ನೌಕೆಗಳ ವರ್ಗದಲ್ಲಿ ಸ್ಪರ್ಧೆ ಪೂರೈಸಿದ್ದು ‘ಅಸೆಂಟ್’ ಎಂಬ ಒಂದೇ ನೌಕೆ. ಅದು 1971ರಲ್ಲಿ ಮಾರುಕಟ್ಟೆಗೆ ಬಂದಿದ್ದ ಕಾಂಟೆಸ್ಸಾ 32 ಮಾದರಿಗೆ ಸೇರಿದ್ದು.

ಮೂರನೆಯ ಹಂತ: ಎಂಜಿನ್, ವಿದ್ಯುತ್, ಅನಿಲ

ಹೊಸ ಡೀಸೆಲ್ ಎಂಜಿನ್ ಅಳವಡಿಕೆಯ ವೆಚ್ಚವು ಎಷ್ಟೋ ವೇಳೆ ನೌಕೆಯ ಬೆಲೆಯನ್ನೇ ಮೀರುತ್ತದೆ. ಶುದ್ಧ ಇಂಧನ, ತಂಪುಗೊಳಿಸುವ ನೀರಿನ ಸರಾಗ ಹರಿವು ಮತ್ತು ಸಕಾಲದ ಎಣ್ಣೆ ಬದಲಾವಣೆ ದೊರೆತರೆ ಹಳೆಯ ಡೀಸೆಲ್ ಎಂಜಿನ್ ಬಹುಕಾಲ ದುಡಿಯುತ್ತದೆ. ಟ್ಯಾಂಕಿನ ತಳದ ಕೆಸರನ್ನು ತೆಗೆಯುವುದು, ಶೋಧಕಗಳನ್ನು ಬದಲಿಸುವುದು ಮೊದಲು; ಹೊಸ ಎಂಜಿನ್ನಿನ ವಿಚಾರ ಕೊನೆಗೆ.

ವಿದ್ಯುತ್ತಿನಲ್ಲಿ ಉತ್ಪಾದನೆಯನ್ನು ಹೆಚ್ಚಿಸುವ ಮುನ್ನ ಬಳಕೆಯನ್ನು ತಗ್ಗಿಸುವುದು ಲಾಭಕರ. ಲಂಗರು ಹಾಕಿದಾಗ ರಾತ್ರಿಯಿಡೀ ಉರಿಯುವ 10 ವ್ಯಾಟ್‌ನ ಹಳೆಯ ದೀಪವು 12 ವೋಲ್ಟ್ ಬ್ಯಾಟರಿಯಿಂದ 12 ಗಂಟೆಯಲ್ಲಿ 10 ಆಂಪಿಯರ್ ಗಂಟೆಯಷ್ಟು ವಿದ್ಯುತ್ತನ್ನು ಎಳೆಯುತ್ತದೆ. 2 ವ್ಯಾಟ್‌ನ ಎಲ್‌ಇಡಿ ದೀಪಕ್ಕೆ 2 ಆಂಪಿಯರ್ ಗಂಟೆ ಸಾಕು. ಹೀಗೆ ಬಳಕೆ ಇಳಿದರೆ ಸಣ್ಣ ಸೌರಫಲಕವೊಂದೇ ಬಹುಪಾಲು ಅಗತ್ಯವನ್ನು ಪೂರೈಸಬಲ್ಲದು. ಲಿಥಿಯಂ ಬ್ಯಾಟರಿಗಳು ಹಗುರ ಮತ್ತು ದೀರ್ಘಬಾಳಿಕೆಯವಾದರೂ ಅವು ಅಧಿಕ ಪ್ರವಾಹವನ್ನು ಸೆಳೆದುಕೊಳ್ಳುವುದರಿಂದ ಹಳೆಯ ಆಲ್ಟರ್ನೇಟರ್ ಸುಟ್ಟುಹೋಗುವ ಅಪಾಯವಿದೆ. ಸೂಕ್ತ ನಿಯಂತ್ರಕವಿಲ್ಲದೆ ಅವುಗಳನ್ನು ಜೋಡಿಸಬಾರದು. ತಂತಿಗಳು ತವರ ಲೇಪಿತ ತಾಮ್ರದವಾಗಿರಬೇಕು. ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರಬೇಕು.

ಅಡುಗೆ ಅನಿಲದ ವಿಷಯದಲ್ಲಿ ಉಳಿತಾಯದ ಯೋಚನೆ ಸಲ್ಲದು. ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೌಕೆಯ ತಳದಲ್ಲಿ ಸಂಗ್ರಹವಾಗುತ್ತದೆ. ಒಂದು ಕಿಡಿಯಿಂದ ಸ್ಫೋಟ ಸಂಭವಿಸಬಹುದು. ಸಿಲಿಂಡರನ್ನು ಹೊರಕ್ಕೆ ಕಿಂಡಿಯಿರುವ ಪ್ರತ್ಯೇಕ ಪೆಟ್ಟಿಗೆಯಲ್ಲಿರಿಸಿ, ರಬ್ಬರ್ ಕೊಳವೆಯನ್ನು ನಿಯತವಾಗಿ ಬದಲಿಸುವುದೇ ಕ್ರಮ.

ಮುಂದೂಡಬಹುದಾದವು

ಫ್ರಿಜ್, ಬಿಸಿನೀರು, ದೊಡ್ಡ ಪರದೆಯ ಉಪಕರಣಗಳು, ಹೊಸ ಒಳಾಲಂಕಾರ ಇವೆಲ್ಲ ಒಂದು ಋತುವಿನ ಯಾನ ಮುಗಿದ ಮೇಲೆ ನಿರ್ಧರಿಸಬೇಕಾದವು. ಯಾನದ ನಂತರ ಬೇಕೆನಿಸಿದ್ದರಲ್ಲಿ ಅರ್ಧ ಬೇಡವೆನಿಸುವುದುಂಟು. ಹಾಯಿಗಳಲ್ಲಿ ಬಟ್ಟೆಗಿಂತ ಮೊದಲು ಬಿಸಿಲಿಗೆ ನಶಿಸುವುದು ಹೊಲಿಗೆಯ ದಾರ. ಬಟ್ಟೆ ಗಟ್ಟಿಯಿದ್ದರೆ ಮರುಹೊಲಿಗೆಯಿಂದಲೇ ಹಾಯಿಯ ಆಯುಷ್ಯ ಹಲವು ವರ್ಷ ಹೆಚ್ಚುತ್ತದೆ. ಗಾಳಿಯ ದಿಕ್ಕನ್ನು ಅನುಸರಿಸಿ ತಾನಾಗಿ ಚುಕ್ಕಾಣಿ ಹಿಡಿಯುವ ಸಾಧನವನ್ನು ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್ 1960ರ ಅಟ್ಲಾಂಟಿಕ್ ಸ್ಪರ್ಧೆಯಲ್ಲಿ ಬಳಸಿದ್ದರು. ವಿದ್ಯುತ್ ಬೇಡದ ಇಂತಹ ಸಾಧನವನ್ನು ಹಳೆಯ ವಸ್ತುಗಳ ಮಾರಾಟದಲ್ಲಿ ಕೊಂಡು, ಬೇರಿಂಗ್ ಬದಲಿಸಿ ಬಳಸುವುದು ಜಾಣತನ.

ಲೆಕ್ಕ ಮತ್ತು ಪಾಠ

ಕೈಯಲ್ಲಿರುವ ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚನ್ನು ಖರೀದಿಗೆ ತೊಡಗಿಸದಿರುವುದು ಕ್ಷೇಮ. ಉಳಿದ ಅರ್ಧದಲ್ಲಿ ಒಂದು ಪಾಲನ್ನು ಬಿಚ್ಚಿದ ಮೇಲೆ ಮಾತ್ರ ಕಾಣುವ ದೋಷಗಳಿಗಾಗಿ ತೆಗೆದಿರಿಸಬೇಕು. ದಡದ ಮೇಲಿನ ಬಾಡಿಗೆ ಕಾಲದೊಡನೆ ಬೆಳೆಯುವುದರಿಂದ ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ, ಒಂದು ಕೆಲಸ ಮುಗಿಸಿ ಮತ್ತೊಂದಕ್ಕೆ ಕೈಹಾಕಬೇಕು. ಮರುಸಜ್ಜಿಗೆ ಹಾಕಿದ ಹಣವು ಮರುಮಾರಾಟದಲ್ಲಿ ಪೂರ್ಣವಾಗಿ ಹಿಂದಿರುಗುವುದು ಅಪರೂಪ. ಅದನ್ನು ಬಳಕೆಯ ವೆಚ್ಚವೆಂದೇ ಲೆಕ್ಕಕ್ಕೆ ಬರೆಯಬೇಕು.

ತಯಾರಕರಿಗೂ ಇದರಲ್ಲಿ ಗಮನಿಸತಕ್ಕ ಅಂಶವಿದೆ. ವೇಗಾ ನೌಕೆಯ ತಯಾರಿಕೆ ನಿಂತು ನಾಲ್ಕು ದಶಕಗಳು ಕಳೆದರೂ ಒಡೆಯರ ಸಂಘಗಳು ಪರಸ್ಪರ ಮಾಹಿತಿ ಮತ್ತು ಬಿಡಿಭಾಗಗಳನ್ನು ಒದಗಿಸುತ್ತಾ ಬಂದಿವೆ. ಕಾಂಟೆಸ್ಸಾವನ್ನು ಮೊದಲು ಕಟ್ಟಿದ ಇಂಗ್ಲೆಂಡಿನ ಲಿಮಿಂಗ್ಟನ್‌ನ ರೋಜರ್ಸ್ ಕುಟುಂಬವು ಹಳೆಯ ಕಾಂಟೆಸ್ಸಾಗಳ ಮರುಸಜ್ಜನ್ನೇ ಒಂದು ವೃತ್ತಿಯಾಗಿ ನಡೆಸಿಕೊಂಡು ಬಂದಿದೆ. ಕರ್ನಾಟಕದ ಕರಾವಳಿಯಲ್ಲಿ ಮೀನುಗಾರಿಕೆಯ ಫೈಬರ್ ದೋಣಿಗಳನ್ನು ಕಟ್ಟಿ ದುರಸ್ತಿ ಮಾಡುವವರಿಗೆ ಗಾಜಿನ ನಾರು ಮತ್ತು ರಾಳದ ಕೆಲಸ ಪರಿಚಿತವೇ. ಚೆನ್ನಾಗಿ ಮಾಡಿದ ವಸ್ತು ತನ್ನ ತಯಾರಕನ ಮಾರಾಟದ ಅವಧಿಯನ್ನು ಮೀರಿ ಬಾಳುತ್ತದೆ; ಅದರ ನಕ್ಷೆ ಮತ್ತು ಅಚ್ಚುಗಳನ್ನು ಕಾಪಾಡಿಕೊಂಡವನಿಗೆ ದುರಸ್ತಿಯ ರೂಪದಲ್ಲಿ ಎರಡನೆಯ ವ್ಯಾಪಾರವೂ ಒದಗುತ್ತದೆ. ಕೊಳ್ಳುವವನಾದರೋ ಹೊಳಪಿಗೆ ಮರುಳಾಗದೆ, ಮೊದಲ ಹಣವನ್ನು ತಳದ ವಾಲ್ವಿಗೂ ಉಕ್ಕಿನ ಪಟ್ಟಿಗೂ ಕೊಟ್ಟರೆ, ಅಗ್ಗದ ನೌಕೆಯೂ ಅವನನ್ನು ದಡ ಸೇರಿಸೀತು.