ನಿಮ್ಮ ಬ್ರೌಸರ್ ಯಾರ ಮಾತು ಕೇಳುತ್ತದೆ?

ಹಾಸ್ಟೆಲಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿ ಮೊದಲ ದಿನ ಏನು ಮಾಡುತ್ತಾನೆ? ಮಂಚವನ್ನು ಕಿಟಕಿಯ ಬಳಿಗೆ ಎಳೆದುಕೊಳ್ಳುತ್ತಾನೆ. ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕುತ್ತಾನೆ. ಮೇಜಿನ ದೀಪ ಕಣ್ಣಿಗೆ ಹೊಡೆಯದಂತೆ ತಿರುಗಿಸಿಟ್ಟುಕೊಳ್ಳುತ್ತಾನೆ. ಅದೇ ವಿದ್ಯಾರ್ಥಿ ದಿನಕ್ಕೆ ಮೂರು ನಾಲ್ಕು ಗಂಟೆ ಕಳೆಯುವ ಬ್ರೌಸರನ್ನು ಮಾತ್ರ ಕಂಪನಿ ಕೊಟ್ಟ ರೀತಿಯಲ್ಲಿಯೇ ವರ್ಷಾನುಗಟ್ಟಲೆ ಬಳಸುತ್ತಿರುತ್ತಾನೆ. ಅದರ ಮಂಚವನ್ನೂ ಸರಿಸಬಹುದೆಂಬ ಯೋಚನೆಯೇ ಬಂದಿರುವುದಿಲ್ಲ.

ಚರ್ಚೆಯಲ್ಲಿ ಪರದೆಯ ಮೇಲೆ ತೋರಿಸಿ ವಿವರಿಸಲು ಸಮಯ ಸಾಲದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಧ್ಯವಾದರೆ ಈ ಪುಟವನ್ನು ಕೀಲಿಮಣೆಯ ಪಕ್ಕದಲ್ಲಿಟ್ಟುಕೊಂಡು, ಒಂದೊಂದನ್ನೇ ಮಾಡಿ ನೋಡುತ್ತಾ ಓದಿ. ಉದಾಹರಣೆಗೆ ಫೈರ್‌ಫಾಕ್ಸ್ ಎಂಬ ಬ್ರೌಸರನ್ನು ಆರಿಸಿಕೊಂಡಿದ್ದೇನೆ. ಇದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರ ನವೆಂಬರಿನಲ್ಲಿ. ಇದು ಉಚಿತ, ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ಇದರ ಗುಂಡಿಗಳೂ ಪಟ್ಟಿಗಳೂ ಕನ್ನಡದಲ್ಲಿಯೂ ದೊರೆಯುತ್ತವೆ. ಕ್ರೋಮ್ ಬಳಸುವವರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ. ಆಯ್ಕೆಗಳ ಹೆಸರು ಮತ್ತು ಜಾಗ ಸ್ವಲ್ಪ ಬೇರೆಯಾಗಿರುತ್ತವೆ, ಅಷ್ಟೆ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಅಂತರಜಾಲ, ಗೂಗಲ್, ಬ್ರೌಸರ್ ಈ ಮೂರನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ಅಂತರಜಾಲ ಎಂಬುದು ಗಣಕಗಳನ್ನು ಜೋಡಿಸಿದ ಜಾಲ. ಗೂಗಲ್ ಹುಡುಕುತಾಣವು ಆ ಜಾಲದ ಮೇಲಿನ ಅಸಂಖ್ಯ ತಾಣಗಳಲ್ಲಿ ಒಂದು. ಬ್ರೌಸರ್ ಎಂದರೆ ದೂರದ ಗಣಕದಿಂದ ಪುಟವನ್ನು ತರಿಸಿಕೊಂಡು ನಿಮ್ಮ ಪರದೆಯ ಮೇಲೆ ಬಿಡಿಸಿ ತೋರಿಸುವ ತಂತ್ರಾಂಶ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರನ್ನು ರಚಿಸಿದಾಗ, ಪುಟಗಳನ್ನು ಓದುವುದಕ್ಕಷ್ಟೇ ಅಲ್ಲ, ತಿದ್ದಿ ಬರೆಯುವುದಕ್ಕೂ ಅದರಲ್ಲಿ ಅವಕಾಶವಿತ್ತು. ಪುಟವು ದೂರದಲ್ಲಿದ್ದರೂ ಅದನ್ನು ಬಿಡಿಸಿ ತೋರಿಸುವ ಕೆಲಸ ನಡೆಯುವುದು ನಿಮ್ಮ ಯಂತ್ರದಲ್ಲಿ. ಆದುದರಿಂದ ಹೇಗೆ ತೋರಿಸಬೇಕೆಂದು ಹೇಳುವ ಹಕ್ಕೂ ಬಹುಮಟ್ಟಿಗೆ ನಿಮ್ಮದೇ.

ಆ ಹಕ್ಕನ್ನು ನೀವು ಚಲಾಯಿಸದಿದ್ದರೆ ಬೇರೆ ಯಾರಾದರೂ ಚಲಾಯಿಸುತ್ತಾರೆ. ಬ್ರೌಸರನ್ನು ಮೊದಲ ಬಾರಿ ತೆರೆದಾಗ ಅದರಲ್ಲಿ ಒಂದು ಹುಡುಕುತಾಣ ಆಗಲೇ ನೆಲೆಸಿರುತ್ತದೆಯಲ್ಲವೆ? ಆ ಸ್ಥಾನ ಬಿಟ್ಟಿಯಾಗಿ ಸಿಕ್ಕಿದ್ದಲ್ಲ. ಅಮೆರಿಕದಲ್ಲಿ ಗೂಗಲ್ ಮೇಲೆ ನಡೆದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕದಂತೆ, ಇಂತಹ ಮೊದಲ ಸ್ಥಾನಕ್ಕಾಗಿ ಆ ಕಂಪನಿ 2021ರಲ್ಲಿ ಫೋನ್ ತಯಾರಕರು, ಬ್ರೌಸರ್ ಸಂಸ್ಥೆಗಳು ಮುಂತಾದವರಿಗೆಲ್ಲ ಸೇರಿ 2,630 ಕೋಟಿ ಡಾಲರ್ ಕೊಟ್ಟಿತ್ತು. 2022ರಲ್ಲಿ ಆಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್ ಸಂದಿತ್ತು. ಫೈರ್‌ಫಾಕ್ಸ್ ಕೂಡ ಇದಕ್ಕೆ ಹೊರತಲ್ಲ. ಅದನ್ನು ನಡೆಸುವ ಮೊಜಿಲ್ಲಾ ಸಂಸ್ಥೆಗೂ ಆದಾಯದ ದೊಡ್ಡ ಪಾಲು ಬರುವುದು ಇದೇ ದಾರಿಯಿಂದ. 2024ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆಯೆಂದು ತೀರ್ಪಿತ್ತರು. ನಾವು ಎರಡು ಕ್ಲಿಕ್ಕಿನಲ್ಲಿ ಬದಲಿಸಬಹುದಾದ ಒಂದು ಆಯ್ಕೆಗೆ ಇಷ್ಟು ಹಣ ಸುರಿಯುತ್ತಾರೆಂದರೆ, ನಾವು ಬದಲಿಸುವುದಿಲ್ಲವೆಂಬ ನಂಬಿಕೆ ಅವರಿಗೆ ಎಷ್ಟಿರಬೇಕು! ಗೂಗಲ್ಲೇ ನಿಮಗೆ ಅನುಕೂಲವಾದರೆ ಅದನ್ನೇ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಆರಿಸಿದವರು ನೀವಾಗಿರಲಿ. ಸೆಟ್ಟಿಂಗ್ಸ್ ತೆರೆದು ಹುಡುಕಾಟದ ವಿಭಾಗಕ್ಕೆ ಹೋದರೆ ಪಟ್ಟಿ ಕಾಣುತ್ತದೆ.

ವಿಳಾಸಪಟ್ಟಿ ಎಂಬ ಜಾಣ

ಪರದೆಯ ಮೇಲ್ಭಾಗದಲ್ಲಿ ವಿಳಾಸ ಬರೆಯುವ ಉದ್ದನೆಯ ಪಟ್ಟಿಯನ್ನು ನೋಡಿದ್ದೀರಿ. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಎಲ್ ಒತ್ತಿದರೆ ಮೌಸ್ ಮುಟ್ಟದೆ ಅಲ್ಲಿಗೆ ಹೋಗಬಹುದು. ಫೈರ್‌ಫಾಕ್ಸಿನಲ್ಲಿ ಅಲ್ಲಿ ಮೊದಲು ನಕ್ಷತ್ರ ಚಿಹ್ನೆ ಹಾಕಿ, ಒಂದು ತೆರಪು ಬಿಟ್ಟು ಪದ ಬರೆದರೆ, ನೀವು ಗುರುತಿಟ್ಟುಕೊಂಡ ಪುಟಗಳಲ್ಲಿ ಮಾತ್ರ ಹುಡುಕುತ್ತದೆ. ಶೇಕಡಾ ಚಿಹ್ನೆ ಹಾಕಿದರೆ ಈಗ ತೆರೆದಿರುವ ಟ್ಯಾಬುಗಳಲ್ಲಿ ಮಾತ್ರ. ಸಂಖ್ಯೆ ಆರರ ಮೇಲಿರುವ ಟೊಪ್ಪಿಗೆಯಂತಹ ಚಿಹ್ನೆ ಹಾಕಿದರೆ ಹಿಂದೆ ನೋಡಿದ ಪುಟಗಳಲ್ಲಿ. ಮೊನ್ನೆ ಓದಿದ ರಸಾಯನಶಾಸ್ತ್ರದ ಪುಟ ಎಲ್ಲಿ ಹೋಯಿತೆಂದು ಮತ್ತೆ ಇಡೀ ಜಾಲವನ್ನು ಜಾಲಾಡುವ ಕಷ್ಟ ಇದರಿಂದ ತಪ್ಪುತ್ತದೆ.

ಇದಕ್ಕಿಂತ ಉಪಯುಕ್ತವಾದ, ಆದರೆ ನೂರರಲ್ಲಿ ಒಬ್ಬರೂ ಬಳಸದ ಸೌಕರ್ಯವೊಂದಿದೆ. ಅದು ಸಂಕೇತಪದ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ 'ಅಲರ್' ಎಂಬ ಹೆಸರಿನಲ್ಲಿ ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಹಳೆಯ ಕಾವ್ಯ ಓದುವ ವಿದ್ಯಾರ್ಥಿ ಗಂಟೆಗೆ ಹತ್ತು ಸಲ ಅದರತ್ತ ಓಡಬೇಕಾಗುತ್ತದೆ. ಪ್ರತಿ ಸಲವೂ ತಾಣ ತೆರೆದು, ಪೆಟ್ಟಿಗೆ ಹುಡುಕಿ, ಪದ ಬರೆದು, ಕ್ಲಿಕ್ ಮಾಡುವುದರೊಳಗೆ ಪದ್ಯದ ಲಯವೇ ತಪ್ಪಿಹೋಗಿರುತ್ತದೆ. ಬದಲಾಗಿ ಹೀಗೆ ಮಾಡಿ. ಆ ತಾಣಕ್ಕೆ ಹೋಗಿ, ಯಾವ ಪದವೂ ಆಗದಂತಹ ಅಕ್ಷರಗುಂಪನ್ನು ಹುಡುಕಿ. ಇಂಗ್ಲಿಷಿನ ಕ್ಯೂ ಅಕ್ಷರವನ್ನು ಐದಾರು ಸಲ ಬರೆದರಾಯಿತು. ಏನೂ ಸಿಗುವುದಿಲ್ಲ, ಸಿಗಬೇಕಾದ ಅಗತ್ಯವೂ ಇಲ್ಲ. ಆದರೆ ವಿಳಾಸಪಟ್ಟಿಯಲ್ಲಿ ಆ ಕ್ಯೂಗಳ ಸಾಲು ಕಾಣಿಸುತ್ತದೆ. ಆ ಪುಟವನ್ನು ಕಂಟ್ರೋಲ್ ಮತ್ತು ಡಿ ಒತ್ತಿ ಗುರುತಿಟ್ಟುಕೊಳ್ಳಿ. ಬಳಿಕ ಗುರುತುಗಳ ಪಟ್ಟಿಯಲ್ಲಿ ಅದನ್ನು ತಿದ್ದಲು ತೆರೆದು, ವಿಳಾಸದಲ್ಲಿರುವ ಕ್ಯೂಗಳನ್ನು ಅಳಿಸಿ, ಆ ಜಾಗದಲ್ಲಿ ಶೇಕಡಾ ಚಿಹ್ನೆಯನ್ನೂ ಅದಕ್ಕೆ ಅಂಟಿದಂತೆ ಇಂಗ್ಲಿಷಿನ ಚಿಕ್ಕ ಎಸ್ ಅಕ್ಷರವನ್ನೂ ಬರೆಯಿರಿ. ಸಂಕೇತಪದದ ಜಾಗದಲ್ಲಿ ಎನ್ ಎಂದೋ ಎನ್‌ಜಿ ಎಂದೋ ಚಿಕ್ಕದೊಂದನ್ನು ತುಂಬಿ.

ಇನ್ನು ಮುಂದೆ ವಿಳಾಸಪಟ್ಟಿಯಲ್ಲಿ ಆ ಸಂಕೇತ, ಒಂದು ತೆರಪು, ಆಮೇಲೆ 'ಇಂಗದಿರ' ಎಂದೋ 'ತುಂಬಿ' ಎಂದೋ ಬರೆದು ಎಂಟರ್ ಒತ್ತಿದರೆ ನೇರವಾಗಿ ಆ ಪದದ ಪುಟವೇ ಬಂದು ನಿಲ್ಲುತ್ತದೆ. ಇದೇ ಉಪಾಯವನ್ನು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ನಿಮ್ಮ ಕಾಲೇಜಿನ ಗ್ರಂಥಾಲಯದ ಪಟ್ಟಿಗೂ ಅನ್ವಯಿಸಬಹುದು. ಹುಡುಕಿದ ಪದ ವಿಳಾಸದಲ್ಲಿ ಕಾಣಿಸುವ ತಾಣವಾದರೆ ಸಾಕು. ಕ್ರೋಮಿನಲ್ಲಿ ಈ ಕೆಲಸಕ್ಕೆ ಹುಡುಕುತಾಣಗಳ ಸೆಟ್ಟಿಂಗ್ಸಿನಲ್ಲಿಯೇ ಪ್ರತ್ಯೇಕ ವಿಭಾಗವಿದೆ.

ಒತ್ತಕ್ಷರ ಕಾಣಬೇಕಾದರೆ

ಕನ್ನಡ ಓದುವವರಿಗೆ ಮುಖ್ಯವಾದ ಒಂದು ವಿಷಯವಿದೆ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಕುಳಿತರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. 'ರಾಷ್ಟ್ರ' ಎಂಬ ಪದದಲ್ಲಿ ಷಕಾರದ ಜೊತೆಗೆ ಟಕಾರವೂ ರಕಾರವೂ ಚಿಕ್ಕ ರೂಪದಲ್ಲಿ ತೂರಿಕೊಳ್ಳಬೇಕು. ಇಂಗ್ಲಿಷಿಗೆಂದು ಗೊತ್ತುಮಾಡಿದ ಅಕ್ಷರದ ಅಳತೆಯಲ್ಲಿ ಇವು ಇರುವೆಯ ಸಾಲಿನಂತೆ ಕಾಣುತ್ತವೆ. ಕಣ್ಣು ಕಿರಿದು ಮಾಡಿ ಓದುತ್ತಾ, ದೋಷ ಕಣ್ಣಿನದೇ ಎಂದು ತಿಳಿಯುತ್ತೇವೆ.

ಸುಲಭವಾದ ದಾರಿಯೆಂದರೆ ಕಂಟ್ರೋಲ್ ಮತ್ತು ಕೂಡುವ ಚಿಹ್ನೆ ಒತ್ತಿ ಪುಟವನ್ನು ಹಿಗ್ಗಿಸುವುದು. ಯಾವ ತಾಣವನ್ನು ಎಷ್ಟು ಹಿಗ್ಗಿಸಿದಿರೆಂಬುದನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ಇನ್ನೂ ಒಳ್ಳೆಯ ದಾರಿ ಫೈರ್‌ಫಾಕ್ಸಿನಲ್ಲಿದೆ. ಸೆಟ್ಟಿಂಗ್ಸಿನಲ್ಲಿ ಫಾಂಟುಗಳ ಬಳಿ ಇರುವ 'ಅಡ್ವಾನ್ಸ್ಡ್' ಗುಂಡಿ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡವೂ ಇದೆ. ಕನ್ನಡಕ್ಕೆ ಬೇಕಾದ ಫಾಂಟನ್ನೂ ಕನಿಷ್ಠ ಅಳತೆಯನ್ನೂ ಅಲ್ಲಿ ಬೇರೆಯಾಗಿಯೇ ಗೊತ್ತುಪಡಿಸಬಹುದು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಬಂದ 'ತುಂಗಾ', ವಿಂಡೋಸ್ 8ರೊಡನೆ ಬಂದ 'ನಿರ್ಮಲಾ', ಗೂಗಲ್ ಉಚಿತವಾಗಿ ಕೊಡುವ 'ನೋಟೊ' ಇವುಗಳನ್ನು ಒಂದಾದ ಮೇಲೊಂದು ಹಾಕಿ ನೋಡಿ. ನನ್ನ ಕಣ್ಣಿಗಂತೂ ತುಂಗಾ ಬಹಳ ತೆಳುವೆನಿಸುತ್ತದೆ. ಒಂದು ತೊಡಕನ್ನು ಹೇಳಬೇಕು: ಎಲ್ಲ ಕನ್ನಡ ತಾಣಗಳೂ ತಮ್ಮ ಪುಟ ಕನ್ನಡದ್ದೆಂದು ಒಳಗಿನ ಸಂಕೇತದಲ್ಲಿ ಸಾರಿಕೊಂಡಿರುವುದಿಲ್ಲ. ಎಷ್ಟೋ ತಾಣಗಳು ಇಂಗ್ಲಿಷ್ ಎಂದೇ ಬರೆದುಕೊಂಡಿರುತ್ತವೆ. ಅಂತಹ ಕಡೆ ನೀವು ಕೊಟ್ಟ ಅಳತೆ ಕೆಲಸ ಮಾಡದಿದ್ದರೆ ಲ್ಯಾಟಿನ್ ಲಿಪಿಗೂ ಅದೇ ಕನಿಷ್ಠ ಅಳತೆಯನ್ನು ಕೊಟ್ಟುಬಿಡಿ.

ಕಂಟ್ರೋಲ್ ಮತ್ತು ಎಫ್ ಒತ್ತಿ ಪುಟದೊಳಗೆ ಕನ್ನಡ ಪದವನ್ನು ಹುಡುಕುವ ಸೌಕರ್ಯ ಇಂದು ಸಹಜವೆನಿಸುತ್ತದೆ. ಒಂದು ಕಾಲಕ್ಕೆ ಹೀಗಿರಲಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಜನಸಾಮಾನ್ಯರ ಗಣಕಕ್ಕೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಕನ್ನಡ ತಾಣಗಳು ತಮ್ಮ ತಮ್ಮ ಫಾಂಟುಗಳನ್ನು ಆಧರಿಸಿದ್ದವು. ಆ ಫಾಂಟು ನಿಮ್ಮಲ್ಲಿಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಹಳೆಯ ಪಿಡಿಎಫ್ ಕಡತಗಳಲ್ಲಿ ಈಗಲೂ ಕನ್ನಡ ಪದ ಕಣ್ಣೆದುರಿಗೇ ಇದ್ದು, ಹುಡುಕಿದರೆ 'ಇಲ್ಲ' ಎಂಬ ಉತ್ತರ ಬಂದೀತು. ಕಾರಣ ಇದೇ, ನಿಮ್ಮ ಕಾಗುಣಿತದ ತಪ್ಪಲ್ಲ.

ಓದಿಗೆ ಅಡ್ಡಬರುವ ಜಾಹೀರಾತು, ಪಕ್ಕದ ಚಿತ್ರಗಳನ್ನೆಲ್ಲ ಸರಿಸಿ ಬರಿಯ ಬರಹವನ್ನು ಉಳಿಸುವ 'ಓದುಗರ ನೋಟ'ವನ್ನೂ ಬಳಸಿ ನೋಡಿ. ಸಫಾರಿಯಲ್ಲಿ ಇದು 2010ರಲ್ಲಿ, ಗಣಕದ ಫೈರ್‌ಫಾಕ್ಸಿನಲ್ಲಿ 2015ರಲ್ಲಿ ಬಂತು. ವಿಂಡೋಸಿನಲ್ಲಿ ಎಫ್9 ಕೀಲಿ ಒತ್ತಿದರಾಯಿತು. ತಾನಾಗಿ ಓಡತೊಡಗುವ ವಿಡಿಯೊಗಳನ್ನು ಸೆಟ್ಟಿಂಗ್ಸಿನ ಖಾಸಗಿತನದ ವಿಭಾಗದಲ್ಲಿ ತಡೆಯಬಹುದು. ದಿನದ ಡೇಟಾ ಮಿತಿಯೊಳಗೆ ಓದಬೇಕಾದವರಿಗೆ ಇದು ಮುಖ್ಯ. 'ನಿಮಗೆ ಸೂಚನೆ ಕಳುಹಿಸಬಹುದೇ' ಎಂದು ಪ್ರತಿ ತಾಣವೂ ಕೇಳುವುದನ್ನೂ ಅಲ್ಲಿಯೇ ಒಂದೇ ಸಲಕ್ಕೆ ನಿಲ್ಲಿಸಬಹುದು. ಪರೀಕ್ಷೆಯ ತಿಂಗಳಿನಲ್ಲಾದರೂ ನಿಲ್ಲಿಸಿ.

ಸೇರಿಸುವ ಮುನ್ನ

ಬ್ರೌಸರಿಗೆ ಇಲ್ಲದ ಗುಣಗಳನ್ನು ಹೊರಗಿನಿಂದ ಸೇರಿಸಲು ವಿಸ್ತರಣೆಗಳೆಂಬ ಚಿಕ್ಕ ತಂತ್ರಾಂಶಗಳಿವೆ. ಜಾಹೀರಾತು ತಡೆಯುವುದು, ಟಿಪ್ಪಣಿ ಬರೆಯುವುದು, ಟ್ಯಾಬುಗಳನ್ನು ಒಪ್ಪಮಾಡುವುದು ಹೀಗೆ ನೂರೆಂಟು. ಫೈರ್‌ಫಾಕ್ಸಿನಲ್ಲಾದರೆ ಆಂಡ್ರಾಯ್ಡ್ ಫೋನಿನಲ್ಲಿಯೂ ಇವನ್ನು ಹಾಕಿಕೊಳ್ಳಬಹುದು. ಹಾಕಿಕೊಳ್ಳುವಾಗ 'ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದಲು ಅನುಮತಿ' ಎಂಬ ಸಾಲು ಬರುತ್ತದೆ. ನಾವು ಓದದೆಯೇ ಒಪ್ಪುತ್ತೇವೆ. ಎಲ್ಲ ತಾಣ ಎಂದರೆ ನಿಮ್ಮ ಅಂಚೆಪೆಟ್ಟಿಗೆಯೂ ಬ್ಯಾಂಕಿನ ಪುಟವೂ ಸೇರಿದೆ.

ಇದು ಬರಿಯ ಹೆದರಿಕೆಯ ಮಾತಲ್ಲ. 'ದಿ ಗ್ರೇಟ್ ಸಸ್ಪೆಂಡರ್' ಎಂಬ ವಿಸ್ತರಣೆ ಕ್ರೋಮ್ ಬಳಕೆದಾರರಲ್ಲಿ ಬಹಳ ಜನಪ್ರಿಯವಾಗಿತ್ತು. ಬಳಸದೆ ಬಿಟ್ಟ ಟ್ಯಾಬುಗಳನ್ನು ಮಲಗಿಸಿ ಗಣಕದ ನೆನಪಿನ ಜಾಗ ಉಳಿಸುವುದು ಅದರ ಕೆಲಸ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ನಂಬಿದ್ದರು. ನಂಬಿಕೆಗೆ ಅರ್ಹವಾಗಿಯೂ ಇತ್ತು. 2020ರಲ್ಲಿ ಅದನ್ನು ರಚಿಸಿದವರು ಅಪರಿಚಿತರಿಗೆ ಮಾರಿದರು. ಹೊಸ ಒಡೆಯರು ಹೊಸ ಆವೃತ್ತಿಯನ್ನು ಸದ್ದಿಲ್ಲದೆ ಕಳುಹಿಸಿದರು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ಕೇಡಿನ ತಂತ್ರಾಂಶವಿದೆಯೆಂದು ಗೂಗಲ್ ಎಲ್ಲರ ಗಣಕಗಳಲ್ಲಿಯೂ ಅದನ್ನು ನಿಷ್ಕ್ರಿಯಗೊಳಿಸಿತು. ಬಳಕೆದಾರರು ಮಾಡಿದ ತಪ್ಪಾದರೂ ಏನು? ಮನೆ ಕೀಲಿಯನ್ನು ಒಬ್ಬರ ಕೈಗೆ ಕೊಟ್ಟರು, ಅವರು ಇನ್ನೊಬ್ಬರಿಗೆ ದಾಟಿಸಿದರು. ಆದುದರಿಂದ ವಿಸ್ತರಣೆಗಳು ಎರಡೋ ಮೂರೋ ಇರಲಿ. ತಿಂಗಳಿಗೊಮ್ಮೆ ಪಟ್ಟಿ ತೆರೆದು, ಇದು ಏಕಿದೆಯೆಂದು ನೆನಪಾಗದ್ದನ್ನು ತೆಗೆದುಹಾಕಿ.

ನಿಮ್ಮದಲ್ಲದ ಗಣಕದಲ್ಲಿ

ಇಷ್ಟೆಲ್ಲ ಸ್ವಂತ ಗಣಕದ ಮಾತಾಯಿತು. ಕಾಲೇಜಿನ ಪ್ರಯೋಗಾಲಯ, ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿಗಳನ್ನು ಆಶ್ರಯಿಸಿದ ವಿದ್ಯಾರ್ಥಿಗಳು ಈಗಲೂ ಅನೇಕರಿದ್ದಾರೆ. ಅಲ್ಲಿ ಬ್ರೌಸರನ್ನು ಒಪ್ಪಮಾಡುವುದಕ್ಕಿಂತ ನಮ್ಮ ಗುರುತನ್ನು ಬಿಟ್ಟುಬರದಿರುವುದು ಮುಖ್ಯ.

ತಾಣಗಳು ನಿಮ್ಮನ್ನು ಗುರುತಿಸುವುದು ಕುಕಿ ಎಂಬ ಚಿಕ್ಕ ಚೀಟಿಯಿಂದ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ರೂಪಿಸಿದ ಉಪಾಯವಿದು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ನಿನಂತೆ, ಅದನ್ನು ತೋರಿಸಿದವರೇ ಒಡೆಯರು. ನೀವು ಲಾಗ್‌ಔಟ್ ಆಗದೆ ಎದ್ದುಹೋದರೆ ಟೋಕನ್ ಮೇಜಿನ ಮೇಲೆಯೇ ಉಳಿಯುತ್ತದೆ. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದಾಗ ಹೂಂ ಎಂದಿದ್ದರಂತೂ, ಮುಂದೆ ಬಂದು ಕುಳಿತವರು ಸೆಟ್ಟಿಂಗ್ಸ್ ತೆರೆದು ಅದನ್ನು ಅಕ್ಷರ ಅಕ್ಷರವಾಗಿ ಓದಬಹುದು.

ಇದಕ್ಕೆ ಖಾಸಗಿ ಕಿಟಕಿ ಬಳಸಿ. ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಪಿ. ಕ್ರೋಮಿನಲ್ಲಿ ಪಿ ಬದಲು ಎನ್. ಖಾಸಗಿ ಕಿಟಕಿಗಳನ್ನೆಲ್ಲ ಮುಚ್ಚಿದ ಕೂಡಲೇ ನೋಡಿದ ಪುಟಗಳ ಪಟ್ಟಿಯೂ ಕುಕಿಗಳೂ ಅಳಿಸಿಹೋಗುತ್ತವೆ. ಆದರೆ ಅದು ಮಾಯಾ ಕಂಬಳಿಯೇನಲ್ಲ. ನೀವು ಭೇಟಿಯಿತ್ತ ತಾಣಕ್ಕೂ ಕಾಲೇಜಿನ ಜಾಲ ನೋಡಿಕೊಳ್ಳುವವರಿಗೂ ನಿಮ್ಮ ಓಡಾಟ ತಿಳಿಯುತ್ತದೆ. ಈ ಕಿಟಕಿಯಲ್ಲಿಯೂ ಗೂಗಲ್ ಮಾಹಿತಿ ಕಲೆಹಾಕುತ್ತಿದೆಯೆಂದು 2020ರಲ್ಲಿ ಅಮೆರಿಕದಲ್ಲಿ ದಾವೆ ಹೂಡಲಾಗಿ, 2024ರಲ್ಲಿ ರಾಜಿಯ ಭಾಗವಾಗಿ ಕಂಪನಿ ಅಪಾರ ದಾಖಲೆಗಳನ್ನು ಅಳಿಸಲು ಒಪ್ಪಿತು.

ಖಾಸಗಿ ಕಿಟಕಿಯೂ ಮುಟ್ಟದ ಒಂದು ಜಾಗವಿದೆ: ಇಳಿಸಿಕೊಂಡ ಕಡತಗಳು. ಒಮ್ಮೆ ನಾನು ಒಂದು ಅಂಗಡಿಯಲ್ಲಿ ಮುದ್ರಣಕ್ಕೆಂದು ಕುಳಿತು 'ಡೌನ್‌ಲೋಡ್ಸ್' ತೆರೆದಾಗ, ನನಗೆ ಗೊತ್ತೇ ಇಲ್ಲದ ಮಕ್ಕಳ ಅಂಕಪಟ್ಟಿಗಳು, ಆಧಾರ್ ಪ್ರತಿಗಳು, ಒಂದು ಬ್ಯಾಂಕ್ ಪಾಸ್‌ಪುಸ್ತಕದ ಚಿತ್ರ ಸಾಲಾಗಿ ಬಿದ್ದಿದ್ದವು. ಅಂಗಡಿಯವರಿಗೆ ಅದರ ಪರಿವೆಯೇ ಇರಲಿಲ್ಲ. ಅರ್ಜಿ ತುಂಬಿ ಮುದ್ರಿಸಿಕೊಂಡ ಮೇಲೆ ಆ ಕಡತಕೋಶಕ್ಕೆ ಹೋಗಿ ನಿಮ್ಮದನ್ನು ಅಳಿಸಿ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಯಿರಿ. ಪೆನ್ ಡ್ರೈವ್ ಮರೆಯದೆ ಕಿತ್ತುಕೊಳ್ಳಿ.