ಮುಳುಗಿದ ಬೀಜದ ಹಿಮೋಗ್ಲೋಬಿನ್
ಮುಂಬೈಯ ಆರೆ ಕಾಲನಿಯ ವಾರ್ಲಿ ಆದಿವಾಸಿಗಳ ಪಾಡಾಗಳಲ್ಲಿಯೂ (ಕೇರಿಗಳಲ್ಲಿಯೂ) ಮುಂಬೈ ಬಳಿಯ ವಸಯಿಯ ಗದ್ದೆಗಳಲ್ಲಿಯೂ ಬಿತ್ತಿದ ಭತ್ತ ಮಳೆನೀರಿನಲ್ಲಿ ಮುಳುಗಿದಾಗ, ಆಮ್ಲಜನಕವು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ, ಮೊಳೆಯುವ ಬೀಜಕ್ಕೆ ಉಸಿರು ಸಾಲದಾಗುತ್ತದೆ. ಆಗ ಸಸ್ಯಕೋಶಗಳು ಫೈಟೋಗ್ಲೋಬಿನ್ ಎಂಬ, ರಕ್ತದ ಹಿಮೋಗ್ಲೋಬಿನ್‌ನಂತೆಯೇ ಕಬ್ಬಿಣವುಳ್ಳ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಆಮ್ಲಜನಕವನ್ನು ಅತಿ ಬಿಗಿಯಾಗಿ ಹಿಡಿದುಕೊಳ್ಳುವ ಇದು ಅದನ್ನು ಸಾಗಿಸಲು ತಕ್ಕುದಲ್ಲ. ಇದರ ನಿಜವಾದ ಹಿರಿಮೆಯಿರುವುದು, ಆಮ್ಲಜನಕದ ಕೊರತೆಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ನೈಟ್ರೇಟ್ ಲವಣವಾಗಿ ಮಾರ್ಪಡಿಸುವುದರಲ್ಲಿ. ಆ ನೈಟ್ರೇಟ್ ನೈಟ್ರೈಟಾಗಿ, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಪುನಃ ನೈಟ್ರಿಕ್ ಆಕ್ಸೈಡಾಗುವ ಈ ಚಕ್ರದಿಂದ, ಕೋಶದ ಇಂಧನವಾದ ಎಟಿಪಿ ಅಲ್ಪ ಪ್ರಮಾಣದಲ್ಲಾದರೂ ದೊರೆಯುತ್ತದೆ. ಮುಳುಗಿದ ಭತ್ತಕ್ಕೆ ಮುಖ್ಯ ಆಧಾರ ಸಕ್ಕರೆಯ ಹುದುಗುವಿಕೆಯೇ ಆದರೂ, ಈ ಸಣ್ಣ ನೆರವು ಕಡೆಗಣಿಸತಕ್ಕದ್ದಲ್ಲ. ಏಕೆಂದರೆ ಅದರ ಅಗತ್ಯ ಮುಳುಗಿದ ಬೀಜಕ್ಕಷ್ಟೇ ಅಲ್ಲ: ನೀರು ನಿಲ್ಲದ ನೆಲದಲ್ಲಿಯೂ, ದಟ್ಟವಾದ ಸಿಪ್ಪೆಯೊಳಗೆ ಮೊಳೆಯುವ ಬೀಜವು ಮೊದಲ ಗಂಟೆಗಳಲ್ಲಿ ಇಂಥದೇ ಉಸಿರಿನ ಕೊರತೆಯನ್ನು ಎದುರಿಸುತ್ತದೆ.